ಉಣಿಸುವವಳಿಗೊಂದು ಕುರ್ಚಿ

ನನ್ನ ಸೊಂಟದ ಮೂಳೆ ಮುರಿದದ್ದು ಜಯನಗರದ ಫುಟ್‌ಪಾತಿನಲ್ಲಿ. ಅಲುಗಾಡುವ ಚಪ್ಪಡಿ ಕಲ್ಲಿನ ಮೇಲೆ ಕಾಲಿಟ್ಟೆ, ಅಷ್ಟೆ. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ನಾನೂ ನನ್ನ ತಂಗಿಯೂ ಇರುವುದು ಯಡಿಯೂರಿನಲ್ಲಿ, ಎರಡನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಡಾಕ್ಟರು ಮೆಟ್ಟಿಲಿನ ವಿಷಯ ಕೇಳಿ, "ಮೊದಲು ರಿಹ್ಯಾಬ್‌ನಲ್ಲಿದ್ದು ನಡೆಯೋದು ಕಲೀರಿ, ಆಮೇಲೆ ಮನೆ" ಎಂದರು. ಎಂಬತ್ತರ ಹತ್ತಿರ ಬಂದವಳಿಗೆ ನಡೆಯುವುದನ್ನು ಕಲಿಯಿರಿ ಅಂದರೆ ಹೇಗಿರುತ್ತದೆ! ಆದರೂ ಹೋದೆ. ಪುಟ್ಟೇನಹಳ್ಳಿ ಕೆರೆಗೆ ಸ್ವಲ್ಪ ಆಚೆ, ಒಂದು ನಾಲ್ಕು ಮಹಡಿಯ ಕಟ್ಟಡ.

ನಾನು ಹುಡುಗಿಯಾಗಿದ್ದಾಗ ಪುಟ್ಟೇನಹಳ್ಳಿ ಅಂದರೆ ಊರಾಚೆ. ಅಲ್ಲಿಗೆ ಜನ ಮನೆ ನೋಡಲು ಹೋಗುತ್ತಿರಲಿಲ್ಲ, ಬುತ್ತಿ ಕಟ್ಟಿಕೊಂಡು ಪಿಕ್‌ನಿಕ್ಕಿಗೆ ಹೋಗುತ್ತಿದ್ದರು. ಈಗ ನನ್ನ ಕಿಟಕಿಯಿಂದ ಕೆರೆಯ ಒಂದು ಚೂರು ಕಾಣುತ್ತಿತ್ತು, ಎರಡು ಅಪಾರ್ಟ್‌ಮೆಂಟುಗಳ ನಡುವೆ, ಬಾಗಿಲ ಸಂದಿಯಲ್ಲಿ ಯಾರದೋ ಸೆರಗು ಕಂಡ ಹಾಗೆ. ಬೆಳಿಗ್ಗೆ ಅದನ್ನು ನೋಡುತ್ತಾ ಮಲಗಿರುತ್ತಿದ್ದೆ. ಹಳೆಯದನ್ನೆಲ್ಲ ನೆನೆಸಿಕೊಳ್ಳಲು ಮುರಿದ ಸೊಂಟದಂಥ ಎಕ್ಸ್‌ಕ್ಯೂಸ್ ಇನ್ನೊಂದಿಲ್ಲ.

ಜಾಗ ಸ್ವಚ್ಛವಾಗಿತ್ತು, ಅದನ್ನು ಹೇಳಲೇಬೇಕು. ಗೋಡೆಯ ಮೇಲೆ ದೊಡ್ಡ ಫೋಟೋಗಳು. ನಗುತ್ತಿರುವ ಮುದುಕ ಮುದುಕಿ, ಅವರ ಹೆಗಲ ಮೇಲೆ ಕೈಯಿಟ್ಟ ನರ್ಸು, ಕೆಳಗೆ 'ಕೇರ್ ವಿತ್ ಡಿಗ್ನಿಟಿ'. ಮುದುಕ ಮುದುಕಿ ಇಬ್ಬರೂ ಯಾವುದೋ ದೂರದೇಶದ ಬಿಳಿಯರು. ನಮ್ಮ ಕಡೆಯ ಮುದುಕರು ಫೋಟೋಗೆ ಅಷ್ಟು ಹಲ್ಲು ತೋರಿಸುವುದಿಲ್ಲ ಅಂತಲೋ ಏನೋ.

ಮೊದಲ ದಿನವೇ ಫಿಸಿಯೋಥೆರಪಿಸ್ಟ್ ಬಂದ. ಚೂಟಿಯಾದ ಯುವಕ. ನಾನು ವಾಕರ್ ಹಿಡಿದು ಎದ್ದು ಒಂದು ಹೆಜ್ಜೆ ಇಟ್ಟೆ.

"ವೆರಿ ಗುಡ್! ಗುಡ್ ಗರ್ಲ್!" ಎಂದ.

"ಯಂಗ್ ಮ್ಯಾನ್," ಎಂದೆ, "ನನ್ನನ್ನ ಕೊನೇ ಸಲ ಗುಡ್ ಗರ್ಲ್ ಅಂದಿದ್ದು ನಮ್ಮ ಕಾನ್ವೆಂಟಿನ ಹೆಡ್‌ಮಿಸ್ಟ್ರೆಸ್. ಆಗ ನನಗೆ ಎರಡು ಜಡೆ ಇತ್ತು. ಈಗ ಒಂದಕ್ಕೂ ಕೂದಲಿಲ್ಲ."

ಅವನು ನಕ್ಕುಬಿಟ್ಟ. "ಸಾರಿ ಆಂಟಿ" ಎಂದ. ಆಮೇಲೆಂದೂ ಹಾಗೆ ಕರೆಯಲಿಲ್ಲ. ಒಂದು ಮಾತು ಹೇಳಿದರೆ ತಿದ್ದಿಕೊಳ್ಳುವ ಜನರೂ ಇದ್ದಾರೆ ಎಂದು ತಿಳಿಯಲಿ ಅಂತ ಇದನ್ನು ಬರೆದೆ.

ನನ್ನದು ಇಬ್ಬರ ರೂಮು. ಪಕ್ಕದ ಮಂಚದಲ್ಲಿದ್ದವರು ನನಗಿಂತ ಎರಡು ಮೂರು ವರ್ಷ ದೊಡ್ಡವರು. ಸ್ಟ್ರೋಕ್ ಆಗಿ ಬಲಗಡೆ ಸ್ವಾಧೀನ ತಪ್ಪಿತ್ತು, ಮಾತು ನಿಂತಿತ್ತು. ಕಣ್ಣು ಮಾತ್ರ ಚುರುಕು. ದೊಡ್ಡ ಕುಟುಂಬವನ್ನು ಆಳಿದ ಹೆಂಗಸು ಎಂದು ಆ ಕಣ್ಣು ನೋಡಿದರೇ ಗೊತ್ತಾಗುತ್ತಿತ್ತು. ಫ್ಯಾನ್ ಜೋರಾದರೆ ಫ್ಯಾನನ್ನು ಗದರಿಸಿ ನೋಡುವರು. ಬನಶಂಕರಿಯಲ್ಲಿರುವ ಮಗಳು ವಾರಕ್ಕೆ ಎರಡು ಸಲ ಬರುತ್ತಿದ್ದಳು. ಬಾರದ ದಿನ ಫೋನಿನಲ್ಲಿ ನೋಡುತ್ತಿದ್ದಳು. ಏಕೆಂದರೆ ಪ್ರತಿ ರೂಮಿನ ಮೂಲೆಯಲ್ಲೂ ಒಂದು ಕ್ಯಾಮೆರಾ ಇತ್ತು. ಮನೆಯವರು ಎಲ್ಲಿಂದ ಬೇಕಾದರೂ ನೋಡಬಹುದಿತ್ತು. ನಾವಿಬ್ಬರೂ ಸೀರಿಯಲ್ಲಿನ ಪಾತ್ರಗಳ ಹಾಗೆ, ಆದರೆ ಕಥೆ ಮುಂದೆ ಹೋಗುತ್ತಿರಲಿಲ್ಲ.

ನಮ್ಮಿಬ್ಬರನ್ನೂ ನೋಡಿಕೊಳ್ಳುತ್ತಿದ್ದವಳು ವಿಜಯಪುರದ ಕಡೆಯ ಹೆಂಗಸು. ಮೂವತ್ತರ ಆಸುಪಾಸು. ಗಂಡ ಯಾವುದೋ ಆಫೀಸಿನಲ್ಲಿ ಸೆಕ್ಯೂರಿಟಿ, ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ, ಮಗಳು ಅಲ್ಲೇ ಹತ್ತಿರದ ಶಾಲೆಯಲ್ಲಿ ಎರಡನೇ ಕ್ಲಾಸು. ಇಂಥವರನ್ನು ಆ ಸಂಸ್ಥೆಯ ಬ್ರೋಷರಿನಲ್ಲಿ 'ಕೇರ್‌ಗಿವರ್' ಎಂದು ಬರೆದಿದ್ದರು. ಕಾರಿಡಾರಿನಲ್ಲಿ ಮಾತ್ರ 'ಏ ಆಯಾ' ಎಂದು ಕೂಗುತ್ತಿದ್ದರು. ಅವಳು ನನ್ನನ್ನು ಟೀಚರ್ ಎಂದಳು, ನಾನು ಹಿಂದೆ ಟೀಚರಾಗಿದ್ದೆ ಎಂದು ಹೇಳಿದ್ದರಿಂದ. ಪಕ್ಕದವರನ್ನು ಆಯಿ ಎಂದಳು. ಅವಳ ಕಡೆ ಅಜ್ಜಿಗೆ ಹಾಗನ್ನುತ್ತಾರಂತೆ.

ಅವಳ ಮಾತು ಜೋರು. ಜೋರು ಅಂದರೆ ಸಿಟ್ಟಲ್ಲ, ಆ ಕಡೆಯ ದನಿಯೇ ಹಾಗೆ, ಬಯಲಿನ ಆಚೆ ಬದಿಗೂ ಕೇಳಲಿ ಎನ್ನುವ ದನಿ. "ಏಳ್ರಿ ಟೀಚರ್, ಕಾಲು ಊರ್ರಿ, ಹೆದರಬ್ಯಾಡ್ರಿ" ಎಂದರೆ ಕೆಳಗಿನ ಮಹಡಿಯವರೂ ಎದ್ದು ನಿಲ್ಲಬೇಕು. ನಮ್ಮ ಬೆಂಗಳೂರಿನವರಿಗೆ ಅದು ಒರಟು. ನಾವು ಮೆಲ್ಲಗೆ, ನಯವಾಗಿ, 'ಸ್ವಲ್ಪ' ಎನ್ನುವ ಪದ ಹಾಕಿ ಏನು ಬೇಕಾದರೂ ಅನ್ನಬಹುದು. ಅನ್ನಿಸಿಕೊಂಡವರಿಗೆ ಮನೆಗೆ ಹೋದ ಮೇಲೆ ನೋವು ಗೊತ್ತಾಗುತ್ತದೆ.

ಅಂಥ ನಯವಾದ ಮಾತೊಂದು ನನ್ನ ಎದುರಿಗೇ ನಡೆಯಿತು. ಪಕ್ಕದವರ ಮಗಳು ಅವಳನ್ನು ಮೊದಲು ಕಂಡ ದಿನ, ನಗುತ್ತಾ ಕೇಳಿದಳು:

"ಮನೇಲಿ ಏನೇನ್ ಅಡುಗೆ ಮಾಡ್ತೀಯಮ್ಮಾ?"

ಈ ಪ್ರಶ್ನೆಯ ಅರ್ಥ ಇಲ್ಲಿ ಯಾರಿಗೆ ಗೊತ್ತಿಲ್ಲ? ಜಾತಿ ಕೇಳುವುದು ಬ್ಯಾಡ್ ಮ್ಯಾನರ್ಸ್. ಆದ್ದರಿಂದ ಅಡುಗೆಮನೆಯ ಹಿಂಬಾಗಿಲಿನಿಂದ ಒಳಗೆ ಬರುತ್ತಾರೆ.

"ರೊಟ್ಟಿ, ಪಲ್ಯಾ, ಚಟ್ನಿ. ಹಸಿವಾದ್ರ ಎಲ್ಲಾನೂ ಮಾಡ್ತೀವ್ರಿ ಅಕ್ಕಾರ."

"ಎಲ್ಲಾನೂ ಅಂದ್ರೆ?"

"ನಿಮಗೇನು ತಿನ್ನಬೇಕನಸ್ತದ ಹೇಳ್ರಿ. ನಾಳೆ ಕಟ್ಟಿಕೊಂಡು ಬರ್ತೀನಿ."

ನಾನು ದಿಂಬಿಗೆ ಮುಖ ಒತ್ತಿ ನಕ್ಕೆ. ಪಕ್ಕದವರ ಭುಜವೂ ಅಲುಗಾಡುತ್ತಿತ್ತು, ಒಂದೇ ಭುಜ. ಮಗಳು ಮಾತ್ರ ನಗಲಿಲ್ಲ. ಆ ದಿನವೇ ಇವಳ ಹೆಸರಿನ ಮುಂದೆ ಮನಸ್ಸಿನಲ್ಲೊಂದು ಕೆಂಪು ಗೆರೆ ಎಳೆದಿರಬೇಕು.

ಇನ್ನು ಆ ಸಂಸ್ಥೆಯ ನಿಯಮ. ಕೇರ್‌ಗಿವರುಗಳು ಡ್ಯೂಟಿಯಲ್ಲಿ ಕೂರುವಂತಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ, ಮಧ್ಯಾಹ್ನ ಬೇಸ್‌ಮೆಂಟಿನಲ್ಲಿ ಊಟ ಮಾಡುವ ಹೊತ್ತು ಬಿಟ್ಟರೆ, ನಿಂತೇ ಇರಬೇಕು. ರೂಮಿನಲ್ಲಿ ನಮಗೆ ಒಂದೊಂದು ಕುರ್ಚಿ, ಬರುವವರಿಗೆ ಒಂದು ಸೋಫಾ. ಮಂಚದ ತುದಿಯಲ್ಲಿ ಅವರು ಕೂರಬಾರದು, ಹೈಜೀನ್. ಕುರ್ಚಿಯಲ್ಲಿ ಕೂರಬಾರದು, ಡಿಸಿಪ್ಲಿನ್. ನೆಲದ ಮೇಲೆ ಕೂತರೆ ನೋಡಲು ಚೆನ್ನಾಗಿರುವುದಿಲ್ಲ, ಇಮೇಜ್. ಪ್ರತಿಯೊಂದಕ್ಕೂ ಒಂದೊಂದು ಇಂಗ್ಲಿಷ್ ಪದ.

ಹಾಗಾದರೆ ಅವರು ಏನು ಮಾಡುತ್ತಿದ್ದರು? ಪ್ರತಿ ರೂಮಿನಲ್ಲೂ ಕ್ಯಾಮೆರಾದ ಕಣ್ಣಿಗೆ ಬೀಳದ ಒಂದು ಜಾಗವನ್ನು ಕಂಡುಹಿಡಿದಿದ್ದರು. ನಮ್ಮ ರೂಮಿನಲ್ಲಿ ಅದು ಬೀರುವಿಗೂ ಬಾತ್‌ರೂಮಿನ ಬಾಗಿಲಿಗೂ ನಡುವೆ. ಅಲ್ಲಿ ಇವಳು ಬಕೆಟ್ಟನ್ನು ಬೋರಲು ಹಾಕಿ ಕೂರುತ್ತಿದ್ದಳು, ಮಂಡಿ ಎದೆಗೆ ತಾಗುವ ಹಾಗೆ ಮುದುಡಿಕೊಂಡು. ಹೊಸದಾಗಿ ಸೇರಿದವರಿಗೆ ಹಳಬರು ಮೊದಲು ಕಲಿಸುತ್ತಿದ್ದುದೇ ಈ ಮೂಲೆಗಳನ್ನಂತೆ. ಯಾವ ರೂಮಿನಲ್ಲಿ ಪರದೆಯ ಹಿಂದೆ, ಯಾವ ರೂಮಿನಲ್ಲಿ ಬಾಗಿಲ ಹಿಂದೆ. ಬಿಪಿ ನೋಡುವುದು ಆಮೇಲೆ.

ಇದನ್ನು ನೋಡಿದಾಗೆಲ್ಲ ನನಗೆ ಕಾಲು ಜುಮ್ಮೆನ್ನುತ್ತಿತ್ತು. ನಾನು ಓದಿದ ಕಾನ್ವೆಂಟಿನಲ್ಲೇ ಆಮೇಲೆ ಟೀಚರ್ ಆದವಳು. ನಮ್ಮ ಕ್ಲಾಸ್‌ರೂಮುಗಳಲ್ಲಿ ಟೀಚರಿಗೆ ಮೇಜಿತ್ತು, ಕುರ್ಚಿ ಇರಲಿಲ್ಲ. ಕೂತ ಟೀಚರು ತೂಕಡಿಸುತ್ತಾಳೆ ಎಂದು ನನ್‌ಗಳ ನಂಬಿಕೆ. ಎಷ್ಟು ಚೆಂದದ ಇಂಗ್ಲಿಷು ಕಲಿಸಿದರು, ಎಷ್ಟು ಚೆಂದದ ಹಾಡು ಕಲಿಸಿದರು. ಈಗಲೂ ಸಂಜೆ ಎಲ್ಲಾದರೂ ಚರ್ಚಿನ ಗಂಟೆ ಕೇಳಿದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಆದರೆ ಏಳು ತಿಂಗಳ ಬಸುರಿಯಾಗಿದ್ದಾಗ ಕಾನ್ವೆಂಟಿನ ಮುಖ್ಯಸ್ಥೆಯ ಹತ್ತಿರ ಹೋಗಿ, ಮದರ್, ಒಂದು ಕುರ್ಚಿ ಕೊಡಿಸಿ ಎಂದು ಕೇಳಿದೆ. "ಆಫರ್ ಇಟ್ ಅಪ್, ಡಿಯರ್" ಎಂದರು. ಆ ನೋವನ್ನು ದೇವರಿಗೆ ಅರ್ಪಿಸಿಬಿಡು ಎಂದು. ದೇವರು ನನ್ನ ಕಾಲಿನ ಊದಿದ ನರಗಳನ್ನು ಇಟ್ಟುಕೊಂಡು ಏನು ಮಾಡಿದನೋ, ನನಗೆ ಇವತ್ತಿಗೂ ತಿಳಿಯದು. ಅವೆಲ್ಲ ನನ್ನ ಹತ್ತಿರವೇ ಇವೆ.

ಇರಲಿ. ಗಲಾಟೆ ಶುರುವಾದದ್ದು ಗಂಜಿಯಿಂದ.

ಪಕ್ಕದವರಿಗೆ ನುಂಗುವುದು ಕಷ್ಟ. ರಾಗಿ ಗಂಜಿಯನ್ನು ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೊಡಬೇಕು. ನಿಂತವಳು ಚಮಚ ಚಾಚಿದರೆ ಕೂತವರು ಕತ್ತೆತ್ತಬೇಕು, ಗೂಡಿನ ಮರಿಹಕ್ಕಿಯ ಹಾಗೆ. ಕತ್ತೆತ್ತಿದರೆ ಗಂಜಿ ತಪ್ಪು ದಾರಿ ಹಿಡಿಯುತ್ತದೆ. ಕೆಮ್ಮು ಬಂದು ಮುಖವೆಲ್ಲ ಕೆಂಪಾಗುತ್ತಿತ್ತು. ಅವಮಾನಕ್ಕೂ ಕೆಂಪಾಗುತ್ತಿತ್ತು ಎಂದು ನನ್ನ ಅಂದಾಜು. ಒಂದು ದಿನ ಹಾಗೆ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಇವಳು ಬಟ್ಟಲು ಕೆಳಗಿಟ್ಟಳು, ನನ್ನ ಕುರ್ಚಿಯನ್ನು ದರದರ ಎಳೆದು ಅವರ ಎದುರಿಗೆ ಹಾಕಿದಳು, ಕೂತಳು.

"ಈಗ ಉಣ್ಣು ಆಯಿ. ನನ್ನ ಮಾರಿ ನೋಡಿ ಉಣ್ಣು."

ಕಣ್ಣಿಗೆ ಕಣ್ಣು ಸಮವಾಯಿತು. ಗಂಜಿ ಖಾಲಿಯಾಯಿತು. ಕೆಮ್ಮು ಬರಲಿಲ್ಲ. ಊಟದ ನಡುವೆ ಇವಳು ತನ್ನ ಅತ್ತೆಯ ಕಥೆ ಏನೋ ಹೇಳುತ್ತಿದ್ದಳು, ಅವರು ಎಡಗೈ ಎತ್ತಿ 'ಅಯ್ಯೋ ಬಿಡು' ಎನ್ನುವ ಹಾಗೆ ಬೀಸಿದರು. ಮಾತು ನಿಂತ ಮೇಲೆ ಅವರು ಹರಟೆ ಹೊಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ದಿನವೂ ಹಾಗೆಯೇ ಉಣಿಸತೊಡಗಿದಳು.

ಮಗಳು ಅದನ್ನು ಫೋನಿನಲ್ಲಿ ನೋಡಿದಳು. ನೋಡಿದ್ದು ತಾಯಿ ಉಂಡಿದ್ದನ್ನಲ್ಲ, ಇವಳು ಕೂತಿದ್ದನ್ನು.

ಮಾರನೆಯ ಬೆಳಿಗ್ಗೆ ಮ್ಯಾನೇಜರನ್ನು ಕರೆದುಕೊಂಡೇ ರೂಮಿಗೆ ಬಂದಳು. ಮ್ಯಾನೇಜರು ನಲವತ್ತರ ಹೆಂಗಸು, ಕಾಟನ್ ಸೀರೆ, ಕೊರಳಲ್ಲಿ ಐಡಿ ಕಾರ್ಡು, ಯಾವಾಗಲೂ ನಗುಮುಖ. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು.

"ನೋಡಿ ಮೇಡಂ, ನಾವು ಜಾತಿ ಗೀತಿ ನೋಡೋ ಜನ ಅಲ್ಲ," ಎಂದು ಶುರು ಮಾಡಿದಳು ಮಗಳು. ಹೀಗೆ ಶುರುವಾದ ಮಾತು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತು. "ಆದ್ರೆ ಒಂದು ಲಿಮಿಟ್ ಅಂತ ಇರ್ಬೇಕಲ್ವಾ? ಅಮ್ಮನ ಎದುರಿಗೆ ಕುರ್ಚಿ ಹಾಕ್ಕೊಂಡು, ನೆಂಟರ ಥರ. ಮಾತು ಬೇರೆ ಏಕವಚನ."

"ಆಯಿಗೆ ಕೆಮ್ಮು ಬರ್ತಿತ್ರಿ ಅಕ್ಕಾರ. ಕುಂತು ಉಣಿಸಿದ್ರ ಬರಂಗಿಲ್ಲ."

"ನೋಡಿದ್ರಾ? ನೋಡಿದ್ರಾ ಆ ಟೋನ್?"

"ಟೋನ್ ಅಂದ್ರ ಏನ್ರೀ? ನನ್ನ ದನಿ ಹುಟ್ಟಿದಾಗಿಂದ ಹಿಂಗ ಐತಿ."

"ಎದುರು ಮಾತಾಡ್ಬೇಡಮ್ಮ," ಎಂದರು ಮ್ಯಾನೇಜರ್, ನಗುಮುಖದಲ್ಲೇ. "ಫ್ಯಾಮಿಲಿ ಮುಂದೆ ಕೂತ್ಕೋಬಾರ್ದು ಅಂತ ಟ್ರೇನಿಂಗ್‌ನಲ್ಲಿ ಹೇಳಿದೀವಲ್ಲ?"

ನಾನು ಸುಮ್ಮನಿರಲಾಗಲಿಲ್ಲ. "ಅದು ನನ್ನ ಕುರ್ಚಿ. ನಾನು ಕೊಟ್ಟಿದ್ದು" ಎಂದೆ.

"ನಿಮ್ಮದು ಬಹಳ ಕೈಂಡ್ ಹಾರ್ಟ್ ಆಂಟಿ," ಎಂದರು ಮ್ಯಾನೇಜರ್. "ರೆಸ್ಟ್ ತೊಗೊಳಿ."

ವಯಸ್ಸಾದವರನ್ನು ರೂಮಿನಿಂದ ಹೊರಗೆ ಹಾಕಬೇಕಾದರೆ ಹೊಸಿಲು ದಾಟಿಸಬೇಕಿಲ್ಲ. ರೆಸ್ಟ್ ತೊಗೊಳಿ ಎಂದರೆ ಸಾಕು.

ಮಧ್ಯಾಹ್ನದ ಹೊತ್ತಿಗೆ ಅವಳನ್ನು ನಮ್ಮ ರೂಮಿನಿಂದ ತೆಗೆದು ಬೇಸ್‌ಮೆಂಟಿನಲ್ಲಿ ಬೆಡ್‌ಶೀಟ್ ಮಡಚಲು ಹಾಕಿದ್ದರು. ಶನಿವಾರ ಫ್ಯಾಮಿಲಿ ಮೀಟಿಂಗ್. ಅದು ಮುಗಿದ ಮೇಲೆ 'ವರ್ತನೆ ಸರಿಯಿಲ್ಲ' ಎಂದು ಅವಳನ್ನು ಕೆಲಸಕ್ಕೆ ಕಳಿಸಿದ್ದ ಏಜೆನ್ಸಿಗೆ ವಾಪಸ್ ಕಳಿಸುತ್ತಾರೆ ಎಂದು ಸುದ್ದಿ. ಸಂಜೆ ಶೀಟ್ ಬದಲಿಸುವ ನೆಪದಲ್ಲಿ ಮೇಲೆ ಬಂದಳು. ಮುಖ ಗಂಟಿಕ್ಕಿಕೊಂಡಿತ್ತು.

"ವಾಪಸ್ ಕಳಿಸಿದ್ರೆ ಏಜೆನ್ಸಿಯವರು ಬೇರೆ ಕಡೆ ಹಾಕಲ್ವಾ?" ಎಂದು ಕೇಳಿದೆ.

"ವರ್ತನೆ ಅಂತ ಹೆಸರು ಬಂದ್ರ ಯಾರು ತಗೋತಾರ್ರೀ? ಜೇಪಿ ನಗರದಾಗ ಒಬ್ಬರಿಗೆ ಗೊತ್ತಾದ್ರ ಅಂಜನಾಪುರದತನಕ ಗೊತ್ತಾಗ್ತದ. ಊರಿಗೇ ಹೋಗೂದು. ಮಗಳು ಈಗರ ಶಾಲ್ಯಾಗ ಬಾಯಿ ಬಿಡಾಕ ಹತ್ಯಾಳ."

"ನಾನು ಮಾತಾಡ್ತೀನಿ ಅವರ ಹತ್ರ."

"ಬ್ಯಾಡ್ರಿ. ನೀವು ಮಾತಾಡಿದ್ರ ಅವರು ನಿಮಗ ನಗ್ತಾರ, ನನಗ ಬೈತಾರ."

ನಿಜ. ಆದರೂ ಸುಮ್ಮನಿರಬೇಕೆಂದು ನಾನು ತೀರ್ಮಾನಿಸಲಿಲ್ಲ. ಹೊಸದಾಗಿ ನಮ್ಮ ರೂಮಿಗೆ ಬಂದ ಹುಡುಗಿ ಪಾಪ, ನಿಯಮದ ಪ್ರಕಾರ ನಿಂತೇ ಉಣಿಸಿದಳು. ಪಕ್ಕದವರು ಎರಡು ಚಮಚ ಕೆಮ್ಮಿಕೊಂಡು ನುಂಗಿದರು. ಮೂರನೆಯದಕ್ಕೆ ತುಟಿ ಮುಚ್ಚಿದವರು ತೆರೆಯಲಿಲ್ಲ. ಹುಡುಗಿ ಅಳುವ ಹಾಗಾದಳು. ಅವರು ನನ್ನ ಕಡೆ ತಿರುಗಿ ನೋಡಿದರು. ಒಂದು ಮಾತಿಲ್ಲದೆ ಒಬ್ಬರು ಇನ್ನೊಬ್ಬರನ್ನು ಅಷ್ಟು ಸ್ಪಷ್ಟವಾಗಿ ಬೈಯಬಹುದು ಎಂದು ನನಗೆ ಗೊತ್ತಿರಲಿಲ್ಲ. ಏನಮ್ಮಾ, ಬಾಯಿ ಇರುವವಳು ನೀನು, ಏನು ಮಾಡುತ್ತಿದ್ದೀಯ ಎಂದಿತು ಆ ನೋಟ.

ಶನಿವಾರ ಹನ್ನೊಂದಕ್ಕೆ ಕೆಳಗಿನ ಹಾಲಿನಲ್ಲಿ ಎಲ್ಲರೂ ಸೇರಿದರು. ಮನೆಯವರಿಗೆ ಕುಷನ್ ಹಾಕಿದ ಕುರ್ಚಿ, ಕೇಸರಿಬಾತು, ಕಾಫಿ. ನಮ್ಮಂಥವರಿಗೆ ವೀಲ್‌ಚೇರು, ಗಂಜಿ. ಗೋಡೆಯುದ್ದಕ್ಕೂ ಕೇರ್‌ಗಿವರುಗಳು, ನೀಲಿ ಯೂನಿಫಾರ್ಮು, ಕೈ ಮುಂದೆ ಕಟ್ಟಿಕೊಂಡು ಸಾಲಾಗಿ ನಿಂತಿದ್ದರು. ಸಾಲಿನ ಕೊನೆಯಲ್ಲಿ ಇವಳು. ಪಕ್ಕದಲ್ಲೇ ಬೇಡದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಇಟ್ಟಿದ್ದರು. ಅದು ನನ್ನ ಕಣ್ಣಿಗೆ ಬಿತ್ತು. ಕುರ್ಚಿ ಇಲ್ಲದೆ ಅಲ್ಲ ನಿಲ್ಲಿಸಿದ್ದು.

ಮ್ಯಾನೇಜರ್ ಮೈಕ್ ಹಿಡಿದು, "ನಮ್ಮ ಸ್ಟಾಫ್ ಡಿಸಿಪ್ಲಿನ್ ಬಗ್ಗೆ ಒಂದೆರಡು ಮಾತು" ಎಂದು ಆರಂಭಿಸಿದರು.

ನಾನು ವಾಕರ್ ಹಿಡಿದು ಎದ್ದು ನಿಂತೆ.

"ಏನ್ ಬೇಕಿತ್ತು ಆಂಟಿ? ಬಾತ್‌ರೂಮಾ?"

ಹಾಲಿನಲ್ಲಿ ಎಲ್ಲರ ಎದುರಿಗೆ, ಮೈಕಿನಲ್ಲಿ! "ಬಾತ್‌ರೂಮ್ ಅಲ್ಲ," ಎಂದೆ. "ನಿಲ್ಲೋಣ ಅಂತ ಎದ್ದೆ."

"ಯಾಕೆ ಆಂಟಿ? ಕೂತ್ಕೊಳಿ ಪ್ಲೀಸ್."

"ಕೂತ್ಕೋತೀನಿ. ಅವರೆಲ್ಲ ಕೂತ ಮೇಲೆ."

ನಗು ಎದ್ದಿತು. ಅಯ್ಯೋ ಪಾಪ ಎನ್ನುವ ನಗು. ನಾನು ನಗಲಿಲ್ಲ. ಕ್ಲಾಸಿನಲ್ಲಿ ನಲವತ್ತು ಹುಡುಗಿಯರು ನಕ್ಕಾಗ ನಗದೆ ನಿಂತವಳು ನಾನು. ಸುಮ್ಮನೆ ಒಬ್ಬೊಬ್ಬರನ್ನೇ ನೋಡಿದೆ, ನಗು ಹಿಂದಿನ ಬೆಂಚಿನವರೆಗೂ ಆರಿತು.

"ಆಂಟಿ, ನಿಮ್ಮ ಸೊಂಟಕ್ಕೆ ಒಳ್ಳೇದಲ್ಲ," ಎಂದರು ಮ್ಯಾನೇಜರ್.

"ಅವರ ಸೊಂಟಕ್ಕೆ ಒಳ್ಳೇದಾ? ಬೆಳಿಗ್ಗೆಯಿಂದ ನಿಂತಿದ್ದಾರೆ. ಇಟ್ ಈಸ್ ಎ ವೆರಿ ಸಿಂಪಲ್ ಕ್ವೆಶ್ಚನ್, ಮೇಡಂ."

ಫಿಸಿಯೋ ಹುಡುಗ ಹಿಂದಿನಿಂದ ಓಡಿ ಬಂದ, ನನ್ನ ಬೆನ್ನ ಹಿಂದೆ ಕೈ ಚಾಚಿ ನಿಂತ. ಕೂರಿಸಲು ಬಂದ ಎಂದುಕೊಂಡೆ. ಕಿವಿಯ ಹತ್ತಿರ ಬಗ್ಗಿ, "ಸೂಪರ್ ಆಂಟಿ. ಎರಡೂ ಕಾಲಿನ ಮೇಲೆ ವೆಯ್ಟ್ ಹಾಕಿ. ಮಂಡಿ ಲಾಕ್ ಮಾಡ್ಬೇಡಿ" ಎಂದ.

ಎದುರಿನ ಸಾಲಿನಲ್ಲಿ ವೀಲ್‌ಚೇರಿನಲ್ಲಿದ್ದ ಹಿರಿಯರೊಬ್ಬರು ಕೈಯೆತ್ತಿದರು. ಸಕ್ಕರೆ ಕಾಯಿಲೆಗೆ ಒಂದು ಕಾಲು ಕೊಟ್ಟವರು. "ಮೇಡಂ, ನನಗೆ ನಿಲ್ಲಕ್ಕಾಗಲ್ಲ. ಆದ್ರೆ ನಿಂತಿದೀನಿ ಅಂತ ತಿಳ್ಕೊಳಿ."

ಆ ಹೊತ್ತಿಗೆ ನನಗೆ ಸ್ವಲ್ಪ ಹೆಮ್ಮೆಯೇ ಆಗುತ್ತಿತ್ತು. ಅದನ್ನು ಇಳಿಸಿದವಳು ಇವಳೇ. ಸಾಲು ಬಿಟ್ಟು ನೇರ ನನ್ನ ಮುಂದೆ ಬಂದಳು.

"ಟೀಚರ್, ಕುಂದರ್ರಿ ನೀವು. ಈಗ ಬಿದ್ರಿ ಅಂದ್ರ ಯಾರ ಮ್ಯಾಲ ಬರ್ತದ? ನಮ್ಮ ಮ್ಯಾಲ. ನೀವು ಇನ್ನೆಂಟು ದಿನಕ್ಕ ಮನಿಗೆ ಹೋಗ್ತೀರಿ. ಇಲ್ಲೇ ಇರಾವ್ರು ನಾವು."

ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಆದರೂ ಕೂರಲಿಲ್ಲ.

"ಹಾಗಾದ್ರೆ ಅವರಿಗೆ ನೀನೇ ಹೇಳು," ಎಂದೆ. "ನೀನು ಹೇಳಿದ್ರೆ ನಾನು ಕೂತ್ಕೋತೀನಿ. ಅಲ್ಲೀವರೆಗೂ ಇಲ್ಲ."

ನನ್ನನ್ನು ನುಂಗುವ ಹಾಗೆ ನೋಡಿದಳು. ಆಮೇಲೆ ತಿರುಗಿದಳು, ಮ್ಯಾನೇಜರ ಕಡೆಗಲ್ಲ, ಪಕ್ಕದ ಮಂಚದವರ ಮಗಳ ಕಡೆಗೆ. ಮಗಳು ತಾಯಿಯ ವೀಲ್‌ಚೇರಿನ ಪಕ್ಕದ ಕುರ್ಚಿಯಲ್ಲಿ ಕೂತು, ಗಂಜಿಯ ಬಟ್ಟಲು ಹಿಡಿದು, ಮುಚ್ಚಿದ ತುಟಿಯ ಎದುರು ಚಮಚ ಆಡಿಸುತ್ತಿದ್ದಳು.

"ಅಕ್ಕಾರ, ನಿಮ್ಮ ಕೂಸಿಗೆ ನೀವು ನಿಂತು ಉಣಿಸಿದ್ರ್ಯಾ?"

"ಅದು ಬೇರೆ," ಎಂದಳು ಮಗಳು.

"ಬ್ಯಾರೆ ಹೆಂಗ್ರಿ?"

"ಅದು ಮಗು. ನಾನು ತಾಯಿ."

"ಹೌದ್ರಿ. ಇವರು ನನಗ ತಾಯಿ ಅಲ್ಲ, ನಾ ಇವರಿಗೆ ಮಗಳಲ್ಲ. ಕೆಲಸಕ್ಕ ಬಂದಾಕಿ. ಆದ್ರ ಬಾಯಿಗೆ ತುತ್ತು ಇಡೂ ಕೆಲಸ ಅದು. ಮ್ಯಾಲ ನಿಂತು ಹಾಕಿದ್ರ ದನಕ್ಕ ಮೇವು ಹಾಕಿದಂಗ ಆಗ್ತದ್ರಿ. ದನಕ್ಕ ಸುದ್ದಾ ನಾವು ಕುಂತು ಕೈಯಾಗ ತಿನ್ನಿಸ್ತೀವಿ. ನಾನು ನಿಮ್ಮ ಸಮಾ ಆಗಬೇಕಂತ ಕುಂತಿಲ್ಲ. ಆದ್ರ ಸಮಾ ಕುಂತ್ರ ನಿಮಗ್ಯಾಕ ಉರೀತದ, ಅದನ್ನೂ ಹೇಳಿಬಿಡ್ರಿ ಇಲ್ಲೇ."

ದೊಡ್ಡ ದನಿ. ಮೈಕು ಬೇಕಾಗಲಿಲ್ಲ. ಮ್ಯಾನೇಜರ ನಗುಮುಖ ಮೊದಲ ಸಲ ಖಾಲಿಯಾಗಿತ್ತು. ಗೋಡೆಯ ಬದಿಯ ಸಾಲಿನಲ್ಲಿ ಯಾರೋ ಕಟ್ಟಿದ್ದ ಕೈ ಬಿಚ್ಚಿದರು.

ಮಗಳು ತುಟಿ ಕಚ್ಚಿಕೊಂಡು, "ಮೇಡಂ, ನಾನು ಹೇಳಿದ್ದು ಇದೇ, ಈ ಆಟಿಟ್ಯೂಡ್..." ಎನ್ನುತ್ತಿದ್ದಳು. ಆಗ ಅವಳ ತಾಯಿಯ ಎಡಗೈ ಎದ್ದಿತು. ಮಗಳ ತೋಳನ್ನು ಒತ್ತಿತು. ಸಮಾಧಾನಕ್ಕೆ ಸವರಿದ್ದಲ್ಲ. ತಳ್ಳಿದ್ದು. ಒಂದು ಸಲ, ಇನ್ನೊಂದು ಸಲ. ಹಬ್ಬದ ದಿನ ಹಿರಿಯರು ಬಂದಾಗ ಮಣೆಯ ಮೇಲೆ ಕೂತ ಹುಡುಗರನ್ನು ಏಳು ಏಳು ಎಂದು ಎಬ್ಬಿಸುವ ಹಾಗೆ. ಮಗಳು ಏನು ಎಂದು ತಿಳಿಯದೆ ಎದ್ದು ನಿಂತಳು. ಆ ಕೈ ಖಾಲಿಯಾದ ಕುರ್ಚಿಯನ್ನು ಪಟಪಟ ತಟ್ಟಿತು, ಕಣ್ಣು ಇವಳ ಕಡೆ.

ಇವಳು ಮ್ಯಾನೇಜರನ್ನು ಕೇಳಲಿಲ್ಲ. ಹೋಗಿ ಕೂತಳು. ಮಗಳ ಕೈಯಿಂದ ಬಟ್ಟಲು ತೆಗೆದುಕೊಂಡಳು. "ಆರಿ ಹೋಗೇತಿ ಆಯಿ. ಆದ್ರೂ ಉಣ್ಣು." ಬಾಯಿ ತೆರೆಯಿತು.

ಆಗ ನಾನು ಕೂತೆ. ಕೂತೆ ಎನ್ನುವುದಕ್ಕಿಂತ ಬಿದ್ದೆ ಎನ್ನಬೇಕು, ಫಿಸಿಯೋ ಹಿಡಿದುಕೊಂಡ.

ಎಲ್ಲವೂ ಬದಲಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಗಳು ಸಾರಿ ಹೇಳಲಿಲ್ಲ. ಕಾರಿಡಾರಿಗೆ ಹೋಗಿ ಅತ್ತಳಂತೆ. ನನಗೆ ಅದರಿಂದ ಸಂತೋಷವೂ ಆಗಲಿಲ್ಲ, ಕರಗಿಯೂ ಹೋಗಲಿಲ್ಲ. ತಾಯಿ ತಿರಸ್ಕರಿಸಿದ ನೋವು ದೊಡ್ಡದೇ. ಆದರೆ ದಿನವಿಡೀ ನಿಂತ ನೋವು ಅದರ ಮುಂದೆ ಚಿಕ್ಕದು ಎಂದು ನಾನು ಒಪ್ಪುವುದಿಲ್ಲ. ಎರಡು ದಿನ ಬಿಟ್ಟು ನಮ್ಮ ರೂಮಿಗೆ ಬಂದು ಮ್ಯಾನೇಜರಿಗೆ, "ಅಮ್ಮ ಅವಳ ಕೈಯಲ್ಲೇ ತಿಂತಾರೆ ಅಂದ್ರೆ ಅವಳೇ ಇರ್ಲಿ. ಸ್ವಲ್ಪ ಟೋನ್ ನೋಡ್ಕೊಳ್ಳಲಿ ಅಷ್ಟೇ" ಎಂದಳು.

"ನಿನ್ನದನ್ನೂ ನೋಡ್ಕೋಮ್ಮ," ಎಂದೆ ನಾನು ಮಂಚದಿಂದಲೇ. "ನಿಂದು ಬಹಳ ಸಾಫ್ಟ್. ಕೇಳಿಸ್ಕೊಂಡವರಿಗೆ ಗಾಯ ಆಗಿದ್ದು ಲೇಟಾಗಿ ಗೊತ್ತಾಗತ್ತೆ."

ಈ ಸಲ ಮ್ಯಾನೇಜರು ರೆಸ್ಟ್ ತೊಗೊಳಿ ಎನ್ನಲಿಲ್ಲ. ಅದನ್ನು ನಾನು ಪ್ರಮೋಷನ್ ಎಂದೇ ಎಣಿಸಿದೆ.

ಇವಳನ್ನು ಏಜೆನ್ಸಿಗೆ ಕಳಿಸಲಿಲ್ಲ. ವರ್ತನೆ ಎನ್ನುವ ಮಾತನ್ನೂ ಯಾರೂ ಮತ್ತೆ ಎತ್ತಲಿಲ್ಲ. ನಾನು ಹೊರಡುವ ಹಿಂದಿನ ದಿನ ರೂಮಿಗೊಂದರಂತೆ ಪ್ಲಾಸ್ಟಿಕ್ ಸ್ಟೂಲ್ ಬಂತು. ಬೆನ್ನಿಲ್ಲದ, ಬಿಳಿಯ, ಮದುವೆ ಛತ್ರದ ಅಡುಗೆಮನೆಯಲ್ಲಿ ಇರುವಂಥದು. ತಂದವನ ಜೊತೆ ಮ್ಯಾನೇಜರ್ ಬಂದು, "ಊಟ ಮಾಡಿಸುವಾಗ ಮಾತ್ರ ಕೂತ್ಕೋಬಹುದು" ಎಂದು ಎರಡು ಸಲ ಹೇಳಿ ಹೋದರು.

"ಹೋಗ್ಲಿ ಬಿಡು, ಅಷ್ಟಾದ್ರೂ ಆಯ್ತಲ್ಲ," ಎಂದೆ.

"ಅಷ್ಟಾದ್ರೂ ಅಂದ್ರ?" ಎಂದಳು ಅವಳು, ಸ್ಟೂಲನ್ನು ಅಲುಗಾಡಿಸಿ ನೋಡುತ್ತಾ. "ಉಣಿಸೂವಾಗ ಆಯಿಗಾಗಿ ಕುಂದ್ರೂದು. ನನಗಾಗಿ ಯಾವಾಗ ಕುಂದ್ರೂದ್ರಿ?"

ಅಂದು ಗಂಜಿ ಮುಗಿಯಿತು. ಬಾಯಿ ಒರೆಸಿದಳು, ಬಟ್ಟಲು ತೊಳೆದಿಟ್ಟಳು. ಕ್ಯಾಂಟೀನಿನಿಂದ ನನಗೆ ಬಂದಿದ್ದ ಚಹಾವನ್ನು ಎರಡು ಮಾಡಿದೆ. ಅವಳು ತನ್ನ ಲೋಟ ಹಿಡಿದು ಬಂದು, ರೂಮಿನ ನಟ್ಟನಡುವೆ ಹಾಕಿದ್ದ ಸ್ಟೂಲಿನ ಮೇಲೆ ಕೂತಳು. ಕಾಲು ಚಾಚಿದಳು. ಉಸ್ಸಪ್ಪಾ ಎಂದಳು, ಅದೂ ಜೋರಾಗಿಯೇ.

ಮ್ಯಾನೇಜರ್ ರೌಂಡ್ಸಿಗೆ ಬಂದರು. "ಊಟ ಮುಗೀತಲ್ವಾ?"

"ಮುಗೀತ್ರಿ ಮೇಡಂ. ಚಾ ಇನ್ನೂ ಐತಿ."

ಅವರು ಏನೋ ಹೇಳಲು ಬಾಯಿ ತೆರೆದರು. ನಾನು ನನ್ನ ಕುರ್ಚಿಯಿಂದ ನೋಡಿದೆ, ಪಕ್ಕದವರು ವೀಲ್‌ಚೇರಿನಿಂದ ನೋಡಿದರು. ಅವಳು ನೋಡಲೂ ಇಲ್ಲ, ಚಹಾ ಆರಿಸಿಕೊಳ್ಳುತ್ತಿದ್ದಳು. ರೂಮಿನಲ್ಲಿ ಮೂವರೂ ಕೂತಿದ್ದೆವು. ನಿಂತಿದ್ದವರು ಮ್ಯಾನೇಜರ್ ಒಬ್ಬರೇ.